ಬೆಟ್ಟದ ನಾಲ್ಕು ಮಾತು

ಮರ್ರಾಕೆಶ್
ಶಾಬಾನ್ ೬, ೧೩೨೨

ಮಗ ಅಯ್ಯಾದನಿಗೆ ಅಪ್ಪ ಮುಬಾರಕ್ ಬರೆಯುವುದು.

ಹೊರಟ ದಿನ ನನ್ನ ಮುಖ ಕೂಡ ನೋಡದೆ ಹೇಸರಗತ್ತೆಯ ಹಗ್ಗ ಹಿಡಿದು ನಡೆದೆಯಲ್ಲ, ಆಗಲಿ. ದಮ್ನಾತಿನ ಛತ್ರದಲ್ಲಿ ನೀನು ಇನ್ನೂ ಒಂದು ವಾರ ಕಾಯುತ್ತಾ ಕೂತಿರಬೇಕು. ಬೆಟ್ಟದಿಂದ ನನ್ನ ಹಳೆಯ ಗೆಳೆಯನ ಮಗ ಇದ್ದೆರ್ ಇಳಿದು ಬಂದು ನಿನ್ನನ್ನು ಕರೆದೊಯ್ಯುವವರೆಗೆ ಒಂದು ಹೆಜ್ಜೆ ಮುಂದಿಡಬೇಡ. ಈ ಕಾಗದವನ್ನು ಉಪ್ಪು ಸಾಗಿಸುವವರ ಕೈಯಲ್ಲಿ ಕೊಟ್ಟಿದ್ದೇನೆ. ಮನೆಯಲ್ಲಿ ಹೇಳಲು ಬಂದರೆ ನೀನೆಲ್ಲಿ ಕಿವಿಗೊಟ್ಟೆ? "ಕತ್ತೆ ಬೆನ್ನಿಗೆ ಅರಬ್ಬಿ ಏನು, ಬೆಟ್ಟದ ಭಾಷೆ ಏನು, ತಡಿ ಹೊಲಿದರೆ ಆಯ್ತು" ಎಂದೆ. ಬಲು ಬುದ್ಧಿವಂತ. ತಡಿ ಹೊಲಿಯುವುದು ಕತ್ತೆಗೇ, ಆದರೆ ದಾರಿಯಲ್ಲಿ ಕೋವಿ ಹಿಡಿದು ನಿಲ್ಲುವುದು ಕತ್ತೆಯಲ್ಲ.

ಹೇಸರಗತ್ತೆ ಉರುಳಿ ನನ್ನ ಮಂಡಿ ಪುಡಿಯಾಗದೆ ಇದ್ದಿದ್ದರೆ ನಿನ್ನನ್ನು ಅಲ್ಲಿಗೆ ತಡಿ ಹೊಲಿಯಲು ಕಳಿಸುತ್ತಿದ್ದೆನೇ? ಆಗಿದ್ದು ಆಯಿತು. ಮೂರು ಮಾತು ಬರೆಯುತ್ತೇನೆ, ನಮಾಜಿನ ಸಾಲುಗಳಂತೆ ಬಾಯಿಗೆ ಬರಬೇಕು.

ಮೊದಲನೆಯದು ಝತ್ತಾತ್. ಪ್ರಯಾಣಿಕನ ಮುಂದೆ ನಡೆಯುವವನು. ಅವನು ಮುಂದಿರುವಷ್ಟು ಹೊತ್ತು ನಿನ್ನ ಮೈಮೇಲೆ ಬಿದ್ದ ಏಟು ಅವನ ಮುಖಕ್ಕೆ ಬಿದ್ದಂತೆ. ನಾನು ಮೂರನೆಯ ವರ್ಷ ಬೆಟ್ಟ ಹತ್ತಿದಾಗ ಇದ್ದೆರನ ಅಪ್ಪ ಉಹಮ್ಮು ನನ್ನ ಝತ್ತಾತ್. ಐತ್ ಉಜ್ಗಾರ್ ಕುಲದ ಒಬ್ಬ ಭಂಡ, ಉಹಮ್ಮು ನೀರು ಕುಡಿಯಲು ಬಗ್ಗಿದ್ದಾಗ ನನ್ನ ಕೆನ್ನೆಗೆ ಒಂದು ಬಾರಿಸಿ ಸಾಮಾನಿನ ಚೀಲ ಕಿತ್ತುಕೊಂಡು ಓಡಿದ. ಉಹಮ್ಮು ಎದ್ದು ಬಾಯಿ ಒರೆಸಿಕೊಂಡ. ಮನೆಗೆ ಕರೆದೊಯ್ದು ಚಹಾ ಕೊಟ್ಟ. ಮುಂದಿನ ವಾರ ಚೀಲ ತಂದು ನನ್ನ ಮುಂದಿಟ್ಟ. ಅದನ್ನು ಕಿತ್ತುಕೊಂಡಿದ್ದ ಕೈಯೂ ಅದರೊಳಗೇ ಇತ್ತು. ಚೀಲ ತೊಳೆದು ಇನ್ನೂ ಹತ್ತು ವರ್ಷ ಬಳಸಿದೆ.

ಎರಡನೆಯದು ಅಮೂರ್, ಅವರ ಮಾತು. ರಕ್ಷೆ ಎನ್ನು, ಆಸರೆ ಎನ್ನು. "ನಿಮ್ಮ ಅಮೂರಿನಲ್ಲಿದ್ದೇನೆ" ಎಂದು ನೀನು ಹೇಳಿ, ಆ ಮನೆಯವರು ರೊಟ್ಟಿ ಮುರಿದು ಕೊಟ್ಟರೆ ಅಲ್ಲಿಗೆ ನಿನ್ನ ಪ್ರಾಣ ಅವರ ಉಡಿಯಲ್ಲಿ. ಆ ಮೇಲೆ ಉಂಡ ಮನೆಗೆ ಎರಡು ಬಗೆಯಬೇಡ.

ಮೂರನೆಯದು ಆರ್. ಇದು ನಮ್ಮ ಅರಬ್ಬಿಯದೇ, ಅವರೂ ಇಟ್ಟುಕೊಂಡಿದ್ದಾರೆ. ಬೇಡಿಕೆಯೂ ಹೌದು, ಶಾಪವೂ ಹೌದು. ಒಬ್ಬನ ಹೊಸಿಲ ಮೇಲೆ ಪ್ರಾಣಿಯ ಕತ್ತು ಕುಯ್ದು ಕೇಳಿದರೆ ಅವನು ಇಲ್ಲ ಎನ್ನುವಂತಿಲ್ಲ. ಎಂದರೆ ಅವನ ವಂಶ ಒಣಗುತ್ತದೆ ಎಂದು ನಂಬಿಕೆ. ಎಲ್ಲಕ್ಕಿಂತ ದೊಡ್ಡ ಆರ್ ಎಂದರೆ ಮನೆಯೊಡತಿಯ ಎದೆಗೆ ಬಾಯಿ ಇಡುವುದು. ಹಾಗೆ ಇಟ್ಟವನು, ಆಕೆ ತಲೆಯ ಮೇಲೆ ಕೈಯಿಟ್ಟರೆ, ಆಕೆಯ ಮಗ. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ಕೇಳಿದ್ದೇನೆಯೇ ಹೊರತು ನೋಡಿಲ್ಲ. ನೀನೂ ನೋಡುವುದು ಬೇಡ.

ಉಹಮ್ಮು ಹೋದ ವರ್ಷ ಜ್ವರದಲ್ಲಿ ತೀರಿಕೊಂಡ. ಈಗ ಆ ಮನೆಯಲ್ಲಿ ಅವನ ಹೆಂಡತಿ ತೂದಾ, ಮಗ ಇದ್ದೆರ್ ಇಬ್ಬರೇ. ಹೆತ್ತ ನಾಲ್ಕು ಮಕ್ಕಳು ಮಣ್ಣಾದ ಮೇಲೆ ಹುಟ್ಟಿದವನೆಂದು 'ಬದುಕಲಿ' ಎಂಬ ಅರ್ಥದ ಹೆಸರಿಟ್ಟಳು. ಅವಳ ನಾಲಿಗೆ ಚೂಪು, ಕೈ ಧಾರಾಳ. ಮರ್ಯಾದೆಯಿಂದ ನಡೆದುಕೋ.

ನಿನ್ನಮ್ಮ ಕೊಬ್ಬಿನಲ್ಲಿ ಹುದುಗಿಸಿದ ಒಣಮಾಂಸದ ಗಡಿಗೆ ಕಳಿಸಿದ್ದಾಳೆ. ಒಬ್ಬನೇ ತಿನ್ನಬೇಡ.

ನಿನ್ನ ಅಪ್ಪ
ಮುಬಾರಕ್

*

ತಗ್ಜೂತ್
ರಮ್ಜಾನ್ ೫, ೧೩೨೨

ಅಪ್ಪನಿಗೆ ಅಯ್ಯಾದನ ಸಲಾಮು.

ನಿನ್ನ ಮೂರು ಮಾತು ತಲುಪಿದವು. ಓದಿ ನಕ್ಕೆ. ಚೀಲದಲ್ಲಿ ಕೈ ಇದ್ದ ಕಥೆ ನಾನು ಮಗುವಾಗಿದ್ದಾಗ ಬೆರಳು, ಆಮೇಲೆ ಮುಂಗೈ, ಈಗ ಪೂರ್ತಿ ಕೈ. ಇನ್ನೆರಡು ವರ್ಷ ಬಿಟ್ಟರೆ ಚೀಲದಲ್ಲಿ ಇಡೀ ಮನುಷ್ಯ ಇರುತ್ತಿದ್ದ ಎಂದುಕೊಂಡೆ. ಈಗ ನಗು ಬರುತ್ತಿಲ್ಲ.

ಉಪವಾಸದ ತಿಂಗಳು ಹಿಡಿಯುವ ಮುಂಚೆ ಇದ್ದೆರ್ ಬಂದು ನನ್ನನ್ನು ಕರೆದುಕೊಂಡು ಹೊರಟ. ನನ್ನಷ್ಟೇ ವಯಸ್ಸು, ನನಗಿಂತ ಒಂದು ಗೇಣು ಎತ್ತರ, ದಾರಿಯುದ್ದಕ್ಕೂ ಬಾಯಿ ಮುಚ್ಚಿದವನಲ್ಲ. "ಪಟ್ಟಣದವನೇ, ನಿನ್ನ ನಡಿಗೆ ನೋಡಿದರೆ ಬಸುರಿ ಬಾತುಕೋಳಿ ನೆನಪಾಗ್ತದೆ" ಎಂದು ಮಾತಿಗೊಮ್ಮೆ ಗೇಲಿ. ಎರಡನೆಯ ದಿನ ಕಮರಿಯ ದಾರಿಯಲ್ಲಿ ಬಂಡೆಗಳ ಮೇಲಿಂದ ಇಬ್ಬರು ಕೂಗಿ ಯಾರೆಂದು ಕೇಳಿದರು. ಇದ್ದೆರ್ ತನ್ನ ಹೆಸರು, ಅಪ್ಪನ ಹೆಸರು, ಐತ್ ವಾಸಿಫ್ ಕುಲದ ಹೆಸರು ಹೇಳಿ, ಇವನು ನನ್ನ ಹಿಂದೆ ನಡೆಯುವವನು ಎಂದ.

"ಉಹಮ್ಮು ಸತ್ತ. ಸತ್ತವನ ಹೆಸರು ಹೇಳ್ಕೊಂಡು ಎಷ್ಟು ದಿನ ಓಡಾಡ್ತೀಯಾ?" ಎಂದು ಮೇಲಿನವನು ನಕ್ಕ.

ಒಬ್ಬ ಹುಡುಗ ಇಳಿದು ಬಂದು ನನ್ನ ಹೇಸರಗತ್ತೆಯ ಹಗ್ಗಕ್ಕೆ ಕೈ ಹಾಕಿದ. ನಾನು ಬಿಡಲಿಲ್ಲ. ಬಾಕು ತೆಗೆದು ನನ್ನ ಗಂಟಲಿಗೆ ಒತ್ತಿ ಹಿಡಿದ. ಇದ್ದೆರ್ ಮಾತಾಡುತ್ತಲೇ ಹತ್ತಿರ ಬಂದು ಕೋವಿಯ ಬಾಯನ್ನು ಆ ಹುಡುಗನ ಹೊಟ್ಟೆಗೆ ಆನಿಸಿ ಹೊಡೆದ. ಅವನ ಬಟ್ಟೆಗೆ ಬೆಂಕಿ ಹತ್ತಿಕೊಂಡಿತು. ಮೇಲಿದ್ದವನು ಓಡಿದ. ಹೊಟ್ಟೆಗೆ ಗುಂಡು ತಿಂದವನು ತಕ್ಷಣ ಸಾಯುವುದಿಲ್ಲ ಅಪ್ಪಾ, ನೀನು ಅದನ್ನು ಎಂದೂ ಬರೆದಿರಲಿಲ್ಲ. ಮಧ್ಯಾಹ್ನ ತಿರುಗುವವರೆಗೆ ನೀರು ಕೇಳುತ್ತಿದ್ದ. ನಾನು ಕೊಡಲು ಹೋದರೆ ಇದ್ದೆರ್ ತಡೆದ. ಕೊಟ್ಟರೆ ಇನ್ನೂ ನೋವು ಎಂದ. ಅವನು ಸತ್ತ ಮೇಲೆ ತಾನೇ ಕಣ್ಣು ಮುಚ್ಚಿಸಿ, ಕಲ್ಲು ಪೇರಿಸಿ, ಕೈ ತೊಳೆದು ರೊಟ್ಟಿ ಬಿಚ್ಚಿದ. "ತಿನ್ನು. ನೀನು ತಿನ್ನದೆ ಇದ್ರೆ ಅವನು ಸುಮ್ಮನೆ ಸತ್ತ ಹಾಗಾಗ್ತದೆ" ಎಂದ.

ಸತ್ತವನು ಉಜ್ಗಾರದವನು. ಅವನ ಅಣ್ಣ ಬೀಹಿ ಎಂಬವನು ಸೇಡು ತೀರುವವರೆಗೆ ಗಡ್ಡ ತೆಗೆಯುವುದಿಲ್ಲ, ತಲೆಗೆ ನೀರು ಹಾಕುವುದಿಲ್ಲ ಎಂದು ಆಣೆ ಮಾಡಿದ್ದಾನಂತೆ. ಇಲ್ಲಿ ಯಾರೂ ಅದಕ್ಕೆ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ತೂದಾ ದೊಡ್ಡಮ್ಮ ಸುದ್ದಿ ಕೇಳಿ ಮಗ್ಗದ ಹಣಿಗೆ ಕೆಳಗಿಡದೆಯೇ "ಕೋವಿ ಒರೆಸಿದೆಯಾ?" ಎಂದು ಮಗನನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪ ಇಪ್ಪತ್ತು ವರ್ಷ ನನ್ನ ರೊಟ್ಟಿ ತಿಂದ, ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲ. ನೀನಾದರೂ ಬಾಯಿ ಬಿಟ್ಟು ಹೇಳು" ಎಂದಳು. ಹೇಳಿದೆ. ಅಂದಿನಿಂದ ಬೆಣ್ಣೆ ಎರಡು ಪಾಲು ಬೀಳುತ್ತಿದೆ.

ಕೆಲಸ ಬೇಕಾದಷ್ಟಿದೆ. ಇದ್ದೆರನೂ ನಾನೂ ಒಂದೇ ಕಂಬಳಿಯಲ್ಲಿ ಮಲಗುತ್ತೇವೆ. ಅವನಿಗೆ ಅಕ್ಷರ ಕಲಿಸುತ್ತಿದ್ದೇನೆ. ನನ್ನ ಕಾಲ ಬಳಿ ಒಬ್ಬ ಸತ್ತನಲ್ಲ, ನಾನು ಹಗ್ಗ ಬಿಟ್ಟಿದ್ದರೆ ಬದುಕಿರುತ್ತಿದ್ದನೋ ಏನೋ. ನೀನು ಇಪ್ಪತ್ತು ವರ್ಷ ಹೇಗೆ ನಿದ್ದೆ ಮಾಡಿದೆ?

ಅಯ್ಯಾದ್

*

ಮರ್ರಾಕೆಶ್
ಶವ್ವಾಲ್ ೧೧, ೧೩೨೨

ಅಯ್ಯಾದನಿಗೆ.

ನಿನ್ನ ಕಾಗದ ಹಬ್ಬದ ಮರುದಿನ ಬಂತು. ನಿನ್ನಮ್ಮನಿಗೆ ಅರ್ಧ ಓದಿ ಹೇಳಿದೆ, ಇನ್ನರ್ಧಕ್ಕೆ ಹವೆಯ ವಿಚಾರ ಸೇರಿಸಿದೆ. ಅವಳು ದಡ್ಡಿಯಲ್ಲ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನಿದ್ದೆಯ ವಿಚಾರ ಕೇಳಿದೆ. ದಣಿದವನಿಗೆ ನಿದ್ದೆ ಬರುತ್ತದೆ, ದುಡಿ.

ಇನ್ನು ಮುಖ್ಯವಾದದ್ದು. ಬೀಹಿ ಆಣೆ ಮಾಡಿದ್ದರೆ ತೀರಿಸಿಯೇ ತೀರಿಸುತ್ತಾನೆ. ಹಿಮ ಬಿದ್ದಿದೆ, ದಾರಿ ಮುಚ್ಚಿದೆ, ಕಾಗದ ಹೊರುವ ಬೆಟ್ಟದವನು ಹೇಗೋ ದಾಟುತ್ತಾನೆ, ನಿನ್ನನ್ನು ಕೆಳಗಿಳಿಸುವಂತಿಲ್ಲ. ಇದ್ದೆರನ ನೆರಳು ಬಿಟ್ಟು ಅಲುಗಬೇಡ. ಗುರುವಾರದ ಸಂತೆಗೆ ಹೋಗಬೇಡ ಎಂದರೆ ನೀನು ಕೇಳುವುದಿಲ್ಲ, ಕೆಲಸ ಹುಟ್ಟುವುದೇ ಅಲ್ಲಿ. ಸಂತೆಯ ದಿನ ಅಲ್ಲಿ ಯಾರೂ ಕೋವಿ ಎತ್ತುವಂತಿಲ್ಲ. ಅಪ್ಪನನ್ನು ಕೊಂದವನ ಪಕ್ಕದಲ್ಲೇ ಕೂತು ಈರುಳ್ಳಿ ಕೊಳ್ಳಬೇಕು, ಹಾಗಿದೆ ಕಟ್ಟಳೆ. ಆದರೆ ಕಟ್ಟಳೆ ಮುರಿದ ದಿನವನ್ನೂ ನಾನು ನೋಡಿದ್ದೇನೆ. ಅದಕ್ಕೇ ಒಂದು ಮಾತಿದೆ, ನಾಲ್ಕನೆಯದು. ನಿನ್ನಮ್ಮ ಕೇಳಿಸಿಕೊಂಡಾಳೆಂದು ಮೊದಲು ಬರೆಯದೆ ಬಿಟ್ಟಿದ್ದೆ.

ನೆಫ್ರಾ. ಸಂತೆಯಲ್ಲಿ ಒಂದು ತೊಟ್ಟು ರಕ್ತ ಬಿತ್ತೋ, ಇಡೀ ಸಂತೆ ಕಟ್ಟೊಡೆದಂತೆ ನುಗ್ಗುತ್ತದೆ. ಹಗೆಯಿದ್ದವನು ಹೊಡೆಯುತ್ತಾನೆ, ಹಗೆಯಿಲ್ಲದವನು ದೋಚುತ್ತಾನೆ, ಎರಡೂ ಬೇಡದವನು ಕಾಲಡಿಗೆ ಸಿಗುತ್ತಾನೆ. ನಾನು ನೋಡಿದ ನೆಫ್ರಾದಲ್ಲಿ ಬಂದೂಕಿನಿಂದ ಸತ್ತವರು ಇಬ್ಬರು, ತುಳಿತಕ್ಕೆ ಸತ್ತವರು ಹನ್ನೊಂದು. ಮೊಟ್ಟೆ ಮಾರುವ ಒಬ್ಬ ಮುದುಕಿಯನ್ನು ನೆಲದಿಂದ ಕೆರೆದು ತೆಗೆಯಬೇಕಾಯಿತು.

ಆದದ್ದರಿಂದ ಕೇಳು. ಗದ್ದಲ ಎದ್ದ ತಕ್ಷಣ ಹಿಡಿದಿದ್ದನ್ನೆಲ್ಲ ಅಲ್ಲೇ ಕೆಡವಿ, ಸಂತೆಯ ಬದಿಗಿರುವ ಸಂತರ ಗೋರಿಯ ಗೋಡೆಗೆ ಬೆನ್ನು ಹಚ್ಚಿ ಕೂತುಬಿಡು. ಕೈಯಲ್ಲಿ ಕಬ್ಬಿಣ ಇರಬಾರದು. ಭಯ ಬಿದ್ದವನ ಕೈಯಲ್ಲಿ ಕಬ್ಬಿಣ ಇದ್ದರೆ ಅದು ತಾನಾಗಿ ಯಾರದೋ ಮೈಗೆ ಹೋಗುತ್ತದೆ. ಇದ್ದೆರ್ ಬಂದು ಎತ್ತಿಕೊಂಡು ಹೋಗುವವರೆಗೆ ಏಳಬೇಡ.

ನಿನ್ನ ಮೇಲೆ ಕೋಪವಿಲ್ಲವೆಂದು ಬರೆ ಎನ್ನುತ್ತಾಳೆ ನಿನ್ನಮ್ಮ. ಇದೆ. ಬಂದ ಮೇಲೆ ಎದುರಿಗೇ ತೀರಿಸಿಕೊಳ್ಳುತ್ತೇನೆ. ಬೇಗ ಬಾ.

ಮುಬಾರಕ್

*

ತಗ್ಜೂತ್
ದುಲ್‌ಹಿಜ್ಜಾ ೨೭, ೧೩೨೨

ಅಪ್ಪಾ,

ಇದನ್ನು ಅಮ್ಮನಿಗೆ ಓದಿ ಹೇಳಬೇಡ.

ಇದ್ದೆರ್ ಸತ್ತ. ಕೊಂದವನು ನಾನು.

ನಿನ್ನ ನಾಲ್ಕನೆಯ ಮಾತನ್ನು ಅವನಿಗೂ ಓದಿ ಹೇಳಿದ್ದೆ. "ಗೋಡೆಗೆ ಬೆನ್ನು ಹಚ್ಚಿ ಕೂತಿರು, ನಾನು ಬಂದು ಮೂಟೆ ಹೊತ್ತ ಹಾಗೆ ಹೊತ್ಕೊಂಡು ಹೋಗ್ತೀನಿ" ಎಂದು ಅವನೇ ನಕ್ಕಿದ್ದ. ಬಕ್ರೀದ್ ಮುಗಿದ ಮೇಲಿನ ಗುರುವಾರ ಸಂತೆ ಭರ್ತಿಯಾಗಿತ್ತು. ನಾನು ಗೋರಿಯ ಹತ್ತಿರ ಕೂತು ಒಂದು ತಡಿಗೆ ಹುಲ್ಲು ತುಂಬಿ ಹೊಲಿಯುತ್ತಿದ್ದೆ. ಇದ್ದೆರ್ ನಾಲ್ಕು ಮಾರು ದೂರದಲ್ಲಿ ಉಪ್ಪಿನವನ ಜೊತೆ ಚೌಕಾಸಿ ಮಾಡುತ್ತಿದ್ದ. ಬೀಹಿ ಎಲ್ಲಿದ್ದನೋ ತಿಳಿಯದು. ಕಂಬಳಿಯೊಳಗಿಂದಲೇ ಕೋವಿ ಹಾರಿಸಿದ. ಗುಂಡು ಇದ್ದೆರನಿಗೆ ತಾಕದೆ ಉಪ್ಪಿನವನ ದವಡೆ ಹಾರಿಸಿಕೊಂಡು ಹೋಯಿತು. ಬಿಳಿ ಉಪ್ಪಿನ ರಾಶಿ ಕೆಂಪಾದದ್ದನ್ನು ಎಲ್ಲರೂ ನೋಡಿದರು.

ಆಮೇಲೆ ನೀನು ಬರೆದ ಹಾಗೆಯೇ. ಗುಡಾರದ ಹಗ್ಗಗಳು ಪಟಪಟನೆ ಹರಿದವು. ಬೆದರಿದ ಹೇಸರಗತ್ತೆಗಳು ಜನರ ಮೇಲೆ ಹಾದವು. ಒಬ್ಬ ಕಮ್ಮಾರ ತನ್ನ ಸುತ್ತಿಗೆಯಿಂದ ಎದುರಿಗೆ ಬಂದವರ ತಲೆಗೆಲ್ಲ ಹೊಡೆಯುತ್ತಿದ್ದ, ಅವನಿಗೆ ಯಾರು ಯಾರೆಂಬುದೇ ಇರಲಿಲ್ಲ. ನಾನು ಗೋಡೆಗೆ ಬೆನ್ನು ಹಚ್ಚಿದೆ ಅಪ್ಪಾ. ಸತ್ಯವಾಗಿ ಹಚ್ಚಿದೆ. ಆದರೆ ತಡಿ ಹೊಲಿಯುವವನ ಕೈಯಲ್ಲಿ ದಬ್ಬಳ ಇರುತ್ತದಲ್ಲ. ಕೈಯಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು. ಯಾರೋ ಒಬ್ಬ ಕೋಲಿನಿಂದ ನನ್ನ ಹಣೆಗೆ ಹೊಡೆದ. ಕಣ್ಣೊಳಗೆಲ್ಲ ರಕ್ತ ಇಳಿಯಿತು. ಗೋಡೆಯ ಮೂಲೆಯಿಂದ ಒಂದು ಕೈ ಬಂದು ನನ್ನ ಕತ್ತುಪಟ್ಟಿ ತಿರುಚಿ ಹಿಡಿದು ಎಳೆಯಿತು. ನಾನು ಹಿಂದಕ್ಕೆ ತಿವಿದೆ. ಗೇಣುದ್ದದ ದಬ್ಬಳ ಹಿಡಿಯವರೆಗೂ ಹೋಯಿತು.

"ನಾನು ಕಣೋ" ಎಂದ.

ತಿರುಗಿ ನೋಡಿದೆ. ಕಿವಿಯ ಕೆಳಗೆ ಕೈ ಒತ್ತಿಕೊಂಡು ಗೋಡೆಗೆ ಒರಗಿ ಕೂತ. ಬೆರಳ ಸಂದಿನಿಂದ ರಕ್ತ ಚಿಮ್ಮುತ್ತಿತ್ತು. ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ, ಅಚ್ಚರಿಯಿತ್ತು. ಅವನ ದೊಡ್ಡಪ್ಪನ ಮಗ ಮುಹಂದ್ ಗೋರಿಯ ಮೆಟ್ಟಿಲ ಮೇಲಿಂದ ಎಲ್ಲವನ್ನೂ ಕಂಡಿದ್ದ. ನನ್ನ ಹೆಸರು ಹಿಡಿದು ಕೂಗಿದ. ನಾನು ಓಡಿದೆ. ಸಾಯುತ್ತಿದ್ದವನನ್ನು ಅಲ್ಲೇ ಬಿಟ್ಟು ಓಡಿದೆ. ನಾಯಿ ಕೂಡ ಹಾಗೆ ಮಾಡುವುದಿಲ್ಲ.

ಎಲ್ಲಿಗೆ ಓಡಲಿ? ಹಿಮದಲ್ಲಿ ಒಂದೇ ದಾರಿ ತುಳಿದದ್ದಿತ್ತು. ಅದು ಅವನ ಮನೆಯ ದಾರಿ. ಹತ್ತುತ್ತಾ ಹತ್ತುತ್ತಾ ನಿನ್ನ ಮೂರನೆಯ ಮಾತು ತಲೆಯಲ್ಲಿ ಕೂತುಬಿಟ್ಟಿತು.

ತೂದಾ ಮಗ್ಗದ ಮುಂದೆ ಕೂತಿದ್ದಳು. ನಾನು ಏನೂ ಹೇಳದೆ ಅವಳ ಮೇಲೆ ಬಿದ್ದು, ಹೆಗಲ ಬಳಿ ಬಟ್ಟೆಗೆ ಸಿಕ್ಕಿಸಿದ್ದ ಬೆಳ್ಳಿ ಮುಳ್ಳು ಕಿತ್ತು, ಎದೆಗೆ ಬಾಯಿ ಇಟ್ಟೆ. ಮೊದಲು ನನ್ನ ಕಿವಿಗೆ ಗುದ್ದಿದಳು. ಆಮೇಲೆ ನನ್ನ ಹಣೆಯ ರಕ್ತ ನೋಡಿದಳು, ಅರ್ಥವಾಯಿತು. ತಲೆಯ ಮೇಲೆ ಕೈ ಇಟ್ಟಳು.

"ಮಗಾ, ಸಂತೇಲಿ ನೆಫ್ರಾ ಆಯ್ತಾ? ಯಾರು ಬೆನ್ನು ಹತ್ತಿದ್ದಾರೆ? ಬರಲಿ ಬಿಡು. ಈ ಹೊಸಿಲು ದಾಟಿದವನ ಕರುಳು ತೆಗೆದು ಮಗ್ಗಕ್ಕೆ ಹಾಸು ಹಾಕ್ತೀನಿ. ಇದ್ದೆರ್ ಎಲ್ಲಿ?"

ನಾನು ಬಾಯಿ ತೆಗೆಯಲಿಲ್ಲ. ಮುದುಕಿಯ ಎದೆ ಅಪ್ಪಾ, ಅದರಲ್ಲಿ ಏನೂ ಇರಲಿಲ್ಲ, ಉಣ್ಣೆಯ ವಾಸನೆಯೊಂದೇ. ಮೂರು ಸಲ ಕೇಳಿದಳು ಇದ್ದೆರ್ ಎಲ್ಲಿ ಎಂದು. ಹೆಣ ಬರುವವರೆಗೂ ನಾನು ಹೇಳಲಿಲ್ಲ.

ಮುಹಂದ್ ಹೆಣವನ್ನು ಹೇಸರಗತ್ತೆಯ ಮೇಲೆ ಅಡ್ಡ ಹಾಕಿ ತಂದ. ದಬ್ಬಳ ಕತ್ತಿನಲ್ಲಿಯೇ ಇತ್ತು. "ಚಿಕ್ಕಮ್ಮಾ, ಅವನನ್ನ ಬಿಡು. ನಿನ್ನ ಮಗನ್ನ ತಿಂದವನು ಅವನೇ" ಎಂದು ಕೋವಿ ಎತ್ತಿದ. ತೂದಾ ಹೆಣದ ಹತ್ತಿರ ಹೋಗಿ ದಬ್ಬಳ ಕಿತ್ತಳು. ಅದನ್ನು ನೋಡಿದಳು. ನನ್ನನ್ನು ನೋಡಿದಳು. ಒಳಗೆ ಹೋಗಿ ಮಗ್ಗದ ಕಬ್ಬಿಣದ ಹಣಿಗೆ ತಂದು ನನ್ನನ್ನು ಹೊಡೆಯತೊಡಗಿದಳು. ಮೊದಲ ಏಟಿಗೆ ಎಡ ಹೆಗಲಿನ ಮೂಳೆ ಮುರಿದದ್ದು ಕೇಳಿಸಿತು. ಎರಡು ಹಲ್ಲು ಬಾಯಲ್ಲೇ ಉದುರಿದವು. ನಾನು ಕೈ ಅಡ್ಡ ಹಿಡಿಯಲಿಲ್ಲ. ನೆಲಕ್ಕೆ ಬಿದ್ದ ಮೇಲೂ ಹೊಡೆದಳು. ಮುಹಂದ್ ಮುಂದೆ ಬಂದು ನನ್ನ ತಲೆಗೆ ಒದ್ದ ಕೂಡಲೇ ಹಣಿಗೆಯನ್ನು ಅವನ ಕಡೆ ತಿರುಗಿಸಿದಳು.

"ಕಾಲು ಹಿಂದಕ್ಕೆ ತೆಗಿ. ಅವನು ನನ್ನ ಎದೆಗೆ ಬಾಯಿ ಇಟ್ಟಿದಾನೆ, ನಾನು ತಲೆ ಮೇಲೆ ಕೈ ಇಟ್ಟಿದೀನಿ. ನನ್ನ ಮಗನನ್ನ ಹೊಡೆಯೋಕೆ ನನಗೆ ಹಕ್ಕಿದೆ. ನಿನಗೆಲ್ಲಿದೆಯೋ?"

"ಅವನು ಮೋಸ ಮಾಡಿ ಬಾಯಿ ಇಟ್ಟ."

"ಮಾಡಿದ. ಕೈ ಇಟ್ಟವಳು ನಾನು."

ಅಂದಿನಿಂದ ಕಾಳಿನ ಕೋಣೆಯಲ್ಲಿ ಇದ್ದೇನೆ. ಹೆಗಲಿಗೆ ಅವಳೇ ಪಟ್ಟಿ ಕಟ್ಟಿದಳು. ಮಾತಾಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುತ್ತೇವೆ, ನನ್ನ ಮುಂದಿನ ಅಂಚನ್ನು ನಾನು, ಅವಳ ಮುಂದಿನ ಅಂಚನ್ನು ಅವಳು. ಹೊರಗೆ ಮುಹಂದ್ ಕೋವಿ ಹಿಡಿದು ಕೂತಿದ್ದಾನೆ. ಬಂದು ನನ್ನನ್ನು ಕರೆದುಕೊಂಡು ಹೋಗು ಅಪ್ಪಾ. ಮನೆಗೆ ಬರಬೇಕು.

ಅಯ್ಯಾದ್

*

ಮರ್ರಾಕೆಶ್
ಸಫರ್ ೯, ೧೩೨೩

ಅಯ್ಯಾದನಿಗೆ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ಹೇಡಿ. ಸುಳ್ಳ. ಅವಳು ಮಗನನ್ನು ಕೇಳುತ್ತಿದ್ದರೆ ಅವಳ ಎದೆಯ ಮೇಲೆ ಬಾಯಿ ಮುಚ್ಚಿಕೊಂಡು ಬಿದ್ದಿದ್ದೆಯಲ್ಲ, ನಿನಗೆ ಆ ಮಾತು ಕಲಿಸಿದ ನನ್ನ ಕೈಗೆ ಹುಳ ಬೀಳಲಿ. ಇದ್ದೆರ್ ನಾಲ್ಕು ವರ್ಷದವನಿದ್ದಾಗ ನನ್ನ ಹೇಸರಗತ್ತೆಯ ಮೇಲೆ ಕೂರಿಸಿ ಊರು ಸುತ್ತಿಸಿದ್ದೇನೆ. ಇದನ್ನು ಬರೆದಾಯಿತು. ಇನ್ನು ನೀನು ನನ್ನ ಮಗ, ನಾನು ಮಾಡಬೇಕಾದ್ದನ್ನು ಮಾಡುತ್ತೇನೆ.

ಹಿಮ ಕರಗುತ್ತಿದೆ. ಒಂದು ಕರಿ ಹೋರಿ ಹಿಡಿದು ಕಟ್ಟಿದ್ದೇನೆ. ಮಂಡಿ ಮಡಚುವುದಿಲ್ಲ, ನನ್ನನ್ನು ಹೇಸರಗತ್ತೆಗೆ ಹಗ್ಗದಿಂದ ಬಿಗಿದು ಕಟ್ಟಿ ಎಂದು ಹೇಳಿದ್ದೇನೆ. ರಬಿ ತಿಂಗಳು ಮುಗಿಯುವುದರೊಳಗೆ ತೂದಾಳ ಹೊಸಿಲ ಮೇಲೆ ಆ ಹೋರಿಯ ಹಿಂಗಾಲಿನ ನರ ಕತ್ತರಿಸಿ, ಕುತ್ತಿಗೆ ಕುಯ್ದು, ಆರ್ ಹಾಕಿ ನಿನ್ನನ್ನು ಕೇಳುತ್ತೇನೆ. ಅವಳು ಇಲ್ಲ ಎನ್ನುವಂತಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಮಗನನ್ನು ಕಳೆದುಕೊಂಡವಳ ಕತ್ತು ಹಿಡಿದು ಕೇಳುವುದು ನಾಚಿಕೆಗೇಡು. ನಾಚಿಕೆ ಬಿಟ್ಟಿದ್ದೇನೆ.

ನಿನ್ನಮ್ಮನಿಗೆ ಎಲ್ಲ ತಿಳಿಯಿತು. ಒಲೆ ಹಚ್ಚುವುದನ್ನು ಬಿಟ್ಟಿದ್ದಾಳೆ. ನಿನ್ನ ಅಂಗಿಯನ್ನು ಮಡಿಸುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಸುತ್ತಾಳೆ.

ಈ ಕಾಗದವನ್ನು ಒಂದಕ್ಷರ ಬಿಡದೆ ತೂದಾಳಿಗೆ ಓದಿ ಹೇಳು. ನಾನು ಕಳ್ಳನ ಹಾಗೆ ಬರುವುದಿಲ್ಲ.

ಮುಬಾರಕ್

*

ತಗ್ಜೂತ್
ರಬಿಯ ಮೊದಲ ತಿಂಗಳು ೩, ೧೩೨೩

ಮುಬಾರಕನಿಗೆ ತೂದಾ ಹೇಳಿಸಿ ಬರೆಸೋದು.

ನಾನು ಹೇಳಿದ್ದನ್ನೇ ಬರಿ ಅಂತ ಇವನಿಗೆ ಹೇಳಿದೀನಿ. ನನಗೆ ಅಕ್ಷರ ಬರಲ್ಲ, ಆದರೆ ಇವನ ಮುಖ ನೋಡ್ತಾ ಕೂತಿದೀನಿ. ಒಂದು ಮಾತು ನುಂಗಿದರೂ ನನಗೆ ತಿಳಿಯುತ್ತೆ.

ನಿನ್ನ ಕಾಗದ ಓದಿಸಿಕೊಂಡೆ. ಹೇಡಿ, ಸುಳ್ಳ ಅನ್ನೋದನ್ನೂ ಓದಿದ. ಮೆಲ್ಲಗೆ 'ಹೇಡಿ' ಅಂದ, ಇನ್ನೊಂದು ಸಲ ಗಟ್ಟಿಯಾಗಿ ಓದು ಅಂದೆ, ಓದಿದ.

ಹೋರಿ ತರಬೇಡ.

ನೀನು ನನ್ನ ಹೊಸಿಲ ಮೇಲೆ ರಕ್ತ ಚೆಲ್ಲಿದರೆ ನಾನು ಇಲ್ಲ ಅನ್ನಲ್ಲ, ನಿಜ. ಕರ್ಕೊಂಡು ಹೋಗು ಅಂತೀನಿ. ಆದರೆ ನನ್ನ ಅಮೂರ್ ನಮ್ಮ ಗಡಿಯಲ್ಲಿರೋ ನೀರಿನ ಊಟೆವರೆಗೆ ಮಾತ್ರ. ಆಚೆ ಯಾರ್ಯಾರು ಕಾಯ್ತಾ ಕೂತಿದಾರೆ ಅಂತ ಹೇಳ್ತೀನಿ, ಕೇಳು.

ಇದ್ದೆರನ್ನ ಮಣ್ಣು ಮಾಡಿದ ಮೇಲೆ ಮುಹಂದ್ ಒಂದು ತಿಂಗಳು ನನ್ನ ಬಾಗಿಲಲ್ಲಿ ಕೂತ. ನಾನು ನೀರಿಗೆ ಹೋದರೆ ಒಳಗೆ ಹಾರೋಣ ಅಂತ. ನಾನು ನೀರಿಗೆ ಹೋಗಲಿಲ್ಲ, ಹಿಮ ಕರಗಿಸಿ ಕುಡಿದ್ವಿ. ಹಿಮ ಮುಗೀತಾ ಬಂತು. ಆಗ ಮುಹಂದನ್ನ ಒಳಗೆ ಕರೆದೆ. ಗೇಣುದ್ದ ದಬ್ಬಳ ಹಿಡ್ಕೊಂಡು ಹೆದರಿದವನು ಇವನು, ಸರಿ. ಆದರೆ ಸಂತೇಲಿ ಮೊದಲು ರಕ್ತ ಬೀಳಿಸಿದವನು ಯಾರು? ಬೀಹಿ ಇನ್ನೂ ಹೆಂಡತಿ ಪಕ್ಕ ಮಲಗ್ತಾ ಇದಾನೆ, ನೀನು ಇಲ್ಲಿ ನನ್ನ ಬಾಗಿಲು ಕಾಯ್ತಾ ಇದೀಯಾ ಅಂದೆ. ಮುಹಂದ್ ತಲೆ ತಗ್ಗಿಸಿದ. ಇವನ ಕಡೆ ತಿರುಗಿದೆ. ಅದೇ ಮೊದಲು ನಾನು ಇವನ ಹತ್ತಿರ ಮಾತಾಡಿದ್ದು. ನನ್ನ ಹಾಲು ನಿನಗೆ ಬೇಕಿತ್ತು, ಕುಡಿದೆ. ನನ್ನ ಮಗ ಆದವನಿಗೆ ಅಣ್ಣನ ರಕ್ತ ತೀರಿಸೋ ಕೆಲಸ ಇದೆ, ಹೋಗು ಅಂದೆ. ಇದ್ದೆರನ ಕೋವಿ ಕೊಟ್ಟೆ.

ಇಬ್ಬರೂ ಹೋದರು. ಮೂರನೇ ದಿನ ಬಂದರು. ಬೀಹಿ ಆಡು ಬಿಡೋಕೆ ದೊಡ್ಡಿ ಬಾಗಿಲು ತೆಗೆದಾಗ ಮುಹಂದ್ ಹೊಡೆದ, ತಪ್ಪಿತು. ಬೀಹಿ ಮುಹಂದನ ಮೇಲೆ ಬಿದ್ದು ಕತ್ತು ಹಿಸುಕ್ತಾ ಇದ್ದ. ಇವನು ಕೋವಿಯ ಹಿಡಿಯಿಂದ ಬೀಹಿ ತಲೆಗೆ ಹೊಡೆದ. ಒಂದು ಸಲ ಅಲ್ಲ, ಮುಹಂದ್ ಸಾಕು ಅಂತ ಕೈ ಹಿಡಿಯೋ ತನಕ. ಮೊಳಕೈವರೆಗೂ ಕೆಂಪು ಮಾಡ್ಕೊಂಡು ಬಂದ. ನಾನು ನೀರು ಕಾಯಿಸಿ ಕೈ ತೊಳೆಸಿದೆ. ಆ ದಿನ ಮುಹಂದ್ ಇವನ ಜೊತೆ ಒಂದೇ ತಟ್ಟೆಯಲ್ಲಿ ಉಂಡ. ಇಲ್ಲಿ, ಈಗ, ಇವನು ಬರೆಯೋದು ಬಿಟ್ಟು ಲೇಖನಿ ಕೆಳಗಿಟ್ಟ. ಎತ್ಕೋ, ಬರಿ ಅಂದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇವತ್ತು ಉಜ್ಗಾರದವರು ಅಲ್ಲಿಂದ ಕೆಳಗಿನ ಬಯಲಿನವರೆಗೆ ಒಂದೊಂದು ಊಟೆ ಹತ್ತಿರವೂ ಕೂತಿದಾರೆ. ಅವರಿಗೆ ಬೇಕಾಗಿರೋದು ಇವನ ತಲೆ. ನೀನು ಹೋರಿ ಕಡಿದು, ಇವನನ್ನ ಕರ್ಕೊಂಡು ಊಟೆ ದಾಟಿದರೆ, ದಾರಿಯಲ್ಲೇ ಹೂಳಬೇಕಾಗ್ತದೆ. ಮಡಚದ ಮಂಡಿ ಇಟ್ಕೊಂಡು ಗುಂಡಿ ಹೇಗೆ ತೋಡ್ತೀಯಾ?

ನಾನು ಸೇಡಿಗೆ ಹೀಗೆ ಮಾಡಿದೆ ಅಂದ್ಕೋತೀಯಾ? ಅಂದ್ಕೋ. ಇವನನ್ನ ಕೆಳಗೆ ಹೋಗೋ ಹಾಗೆ ಬಿಟ್ಟಿದ್ದರೆ ನೀನು ಮಗನ ಜೊತೆ ಉಣ್ತಿದ್ದೆ, ನಾನು ಒಬ್ಬಳೇ ಉಣ್ತಿದ್ದೆ. ಅದು ನನಗೆ ಆಗಲಿಲ್ಲ. ಐದು ಹೆತ್ತೆ, ಐದೂ ಹೂತೆ. ಆರನೆಯದು ತಾನಾಗೇ ಬಂದು ಬಾಯಿ ಇಟ್ಟಿತು. ಇವನ ಮುಖ ನೋಡಿದಾಗೆಲ್ಲ ಕತ್ತು ಕುಯ್ಯಬೇಕು ಅನ್ಸುತ್ತೆ. ಒಂದು ಗಳಿಗೆ ಮನೇಲಿ ಕಾಣದೆ ಇದ್ರೆ ಎದೆ ಹಾರುತ್ತೆ. ಎರಡೂ ನಿಜ.

ಹೆತ್ತವಳಿಗೆ ಹೇಳು, ಹಲ್ಲು ಎರಡು ಹೋಗಿವೆ, ಹೆಗಲು ಕೂಡಿಕೊಂಡಿದೆ, ಊಟ ಮಾಡ್ತಾನೆ. ನಿದ್ದೆಯಲ್ಲಿ ಅವಳನ್ನ ಕರೀತಾನೆ. ನಾನು ಓ ಅಂತೀನಿ.

ಇವನು ನಿಮ್ಮ ಕಡೆಗೆ ಬರಲ್ಲ. ಈ ಬಾಗಿಲಲ್ಲಿ ಉಹಮ್ಮು ನಿಂತ, ಇದ್ದೆರ್ ನಿಂತ, ಇನ್ನು ಇವನು ನಿಲ್ತಾನೆ. ಇದ್ದೆರ್ ಮಾಡ್ತಿದ್ದ ಝತ್ತಾತ್ ಕೆಲಸ ಇವನದು. ಎಷ್ಟು ದಿನ ಅಂತ ನನಗೆ ಗೊತ್ತಿಲ್ಲ, ಆ ಕೆಲಸ ಮಾಡಿದ ಯಾರೂ ಮುದುಕರಾಗಿಲ್ಲ, ಜ್ವರ ಬಂದು ಸತ್ತವನು ಉಹಮ್ಮು ಒಬ್ಬನೇ.

ನಿನಗೆ ನೋಡಲೇಬೇಕು ಅನ್ನಿಸಿದರೆ ಬಾ. ಬೇಡ ಅನ್ನಲ್ಲ. ಬರಿಗೈಯಲ್ಲಿ ಬಾ. ಆ ಊಟೆ ಈಚೆ, ನಮ್ಮ ಗಡಿ ಶುರುವಾಗೋ ಕಣಿವೆ ಬಾಯಲ್ಲಿ ಹೇಸರಗತ್ತೆ ನಿಲ್ಲಿಸಿ ಹೇಳಿ ಕಳಿಸು. ಇವನು ಇದ್ದೆರನ ಕೋವಿ ಹಿಡ್ಕೊಂಡು ಬರ್ತಾನೆ. ಮುಂದೆ ಅವನು, ಹಿಂದೆ ನೀನು. ದಾರಿಯಲ್ಲಿ ಮಗಾ ಅಂತ ಕೂಗಬೇಡ. ಯಾರಾದರೂ ಬಂಡೆ ಮೇಲಿಂದ ಕೇಳಿದರೆ, ಇವನು ತನ್ನ ಹೆಸರು ಹೇಳಿ, ನನ್ನ ಗಂಡನ ಹೆಸರನ್ನ ಅಪ್ಪನ ಹೆಸರು ಅಂತ ಹೇಳ್ತಾನೆ, ಈ ಮುದುಕ ನನ್ನ ಹಿಂದೆ ನಡೆಯೋನು ಅಂತಾನೆ. ನೀನು ತಲೆ ತಗ್ಗಿಸಿ ಹೌದು ಅನ್ನಬೇಕು.

ಹೇಳಿದವಳು ತೂದಾ
ಬರೆದವನು ಅವಳ ಮಗ